ಹಳೆಯ ಕಾರಿನ ಹೈಡ್ರಾಲಿಕ್ ಕ್ಲಚ್: ಗಾಳಿ ಹಿಡಿದಿದೆಯೇ, ಬೇರೇನಾದರೂ ಕೆಟ್ಟಿದೆಯೇ?

ಮಳೆಗಾಲ ಇಳಿಮುಖವಾಗಿ ಕೈಲ್ ಮುಹೂರ್ತದ ಹಬ್ಬ ಹತ್ತಿರವಾಗುವ ಹೊತ್ತಿಗೆ ಕೊಡಗಿನ ತೋಟದ ಮನೆಗಳಲ್ಲಿ ಹಳೆಯ ಕಾರುಗಳನ್ನು ಶೆಡ್ಡಿನಿಂದ ಹೊರಗೆ ತೆಗೆಯುತ್ತಾರೆ. ಆಗ ಹೆಚ್ಚಾಗಿ ಕೇಳಿಬರುವ ದೂರು ‘ಕ್ಲಚ್ ಸಿಗುತ್ತಿಲ್ಲ’ ಎಂಬುದು. ಜೂನ್ ತಿಂಗಳಲ್ಲಿ ನಿಲ್ಲಿಸುವಾಗ ಸರಿಯಾಗಿದ್ದ ಪೆಡಲ್ ಸೆಪ್ಟೆಂಬರಿನಲ್ಲಿ ಕಾಲಿಟ್ಟ ಕೂಡಲೇ ನೆಲ ಮುಟ್ಟುತ್ತದೆ, ಗೇರು ಹಾಕಲು ಹೋದರೆ ಕರಕರ ಎನ್ನುತ್ತದೆ. ‘ಏರ್ ಹಿಡಿದಿದೆ, ಬ್ಲೀಡ್ ಮಾಡಿದರೆ ಸರಿಹೋಗುತ್ತದೆ’ ಎಂದು ಯಾರಾದರೂ ಹೇಳುತ್ತಾರೆ. ಬ್ಲೀಡ್ ಎಂದರೆ ಪೈಪಿನೊಳಗೆ ಸೇರಿದ ಗಾಳಿಯನ್ನು ಹೊರಗೆ ಬಿಡುವುದು. ಅದರಂತೆ ಮಾಡಿದಾಗ ಸರಿಯೂ ಹೋಗುತ್ತದೆ, ಆದರೆ ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಮುಚ್ಚಿದ ಪೈಪಿನೊಳಗೆ ಗಾಳಿ ತಾನಾಗಿ ಹುಟ್ಟುವುದಿಲ್ಲ, ಎಲ್ಲಿಂದಲೋ ಒಳಗೆ ಬಂದಿರಬೇಕು. ಆ ದಾರಿಯನ್ನು ಹುಡುಕದೆ ಗಾಳಿಯನ್ನು ಮಾತ್ರ ತೆಗೆದರೆ ಅದು ದುರಸ್ತಿಯಲ್ಲ, ಮುಂದೂಡಿಕೆ.

ನನ್ನಲ್ಲಿರುವುದು ಸ್ಟ್ಯಾಂಡರ್ಡ್ ಹೆರಾಲ್ಡ್, ಅಂದರೆ 1961ರಿಂದ ಮದ್ರಾಸಿನಲ್ಲಿ ತಯಾರಾದ ಟ್ರಯಂಫ್ ಹೆರಾಲ್ಡಿನ ಭಾರತೀಯ ರೂಪ. ಆದ್ದರಿಂದ ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಆ ಕಾರಿನವು. ಸೀರೀಸ್ 2 ಮತ್ತು ಅನಂತರದ ಲ್ಯಾಂಡ್ ರೋವರ್‌ಗಳಿಗೂ, ಹೈಡ್ರಾಲಿಕ್ ಕ್ಲಚ್ ಇರುವ ಆ ಕಾಲದ ಇತರ ಕಾರುಗಳಿಗೂ ಇದೇ ಕ್ರಮ ಹೊಂದುತ್ತದೆ. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಪೆಡಲ್ ತುಳಿದಾಗ ಅದರ ಬಳಿಯ ಮಾಸ್ಟರ್ ಸಿಲಿಂಡರ್ ಪೈಪಿನ ಮೂಲಕ ದ್ರವವನ್ನು ತಳ್ಳುತ್ತದೆ, ಆ ಒತ್ತಡದಿಂದ ಗೇರ್‌ಬಾಕ್ಸಿನ ಬಳಿಯ ಸ್ಲೇವ್ ಸಿಲಿಂಡರ್ ಕ್ಲಚ್ಚನ್ನು ಬಿಡಿಸುತ್ತದೆ. ಪೆಡಲಿನಿಂದ ಗೇರ್‌ಬಾಕ್ಸಿನವರೆಗೆ ಕಂಬಿ ಅಥವಾ ಕೇಬಲ್ ಇರುವ ವಾಹನಗಳಿಗೆ ಇದು ಅನ್ವಯಿಸುವುದಿಲ್ಲ.

ಕೆಲಸ ಶುರು ಮಾಡುವ ಮೊದಲು

ನಮ್ಮಲ್ಲಿ ಸಮತಟ್ಟಾದ ಜಾಗ ಸಿಗುವುದೇ ಕಷ್ಟ. ಅಂಗಳ ಇಳಿಜಾರಾಗಿದ್ದರೆ ಕಾಫಿ ಒಣಗಿಸುವ ಕಣಕ್ಕೆ ಕಾರನ್ನು ತಳ್ಳಿಕೊಂಡು ಹೋಗಿ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳ ಎರಡೂ ಬದಿಗೆ ಮರದ ತುಂಡು ಇಡಬೇಕು. ಕಾರಿನ ಕೆಳಗೆ ಹೋಗಬೇಕಾದರೆ ಜಾಕಿಯ ಮೇಲೆ ಮಾತ್ರ ಭರವಸೆ ಇಡಬಾರದು, ಕಬ್ಬಿಣದ ಸ್ಟ್ಯಾಂಡ್ ಕೊಟ್ಟೇ ಹೋಗಬೇಕು. ಸಿಮೆಂಟ್ ಬ್ಲಾಕ್ ಮತ್ತು ಇಟ್ಟಿಗೆ ಭಾರಕ್ಕೆ ಮುನ್ಸೂಚನೆಯಿಲ್ಲದೆ ಒಡೆಯುತ್ತವೆ, ಮಳೆಯಲ್ಲಿ ನೆನೆದ ಮಣ್ಣಿನಲ್ಲಿ ಸ್ಟ್ಯಾಂಡ್ ಕೂಡ ಹೂತುಹೋಗುತ್ತದೆ.

ಕ್ಲಚ್‌ಗೆ ಹಾಕುವುದು ಬ್ರೇಕ್ ಫ್ಲೂಯಿಡ್. ಗ್ಯಾರೇಜುಗಳಲ್ಲಿ ಅದನ್ನು ‘ಬ್ರೇಕ್ ಆಯಿಲ್’ ಎಂದೇ ಕರೆಯುವುದು ರೂಢಿ. ಈ ‘ಆಯಿಲ್’ ಎಂಬ ಮಾತಿನಿಂದ ಆಗುವ ಅನಾಹುತ ದೊಡ್ಡದು, ಏಕೆಂದರೆ ಅವಸರದಲ್ಲಿ ಎಂಜಿನ್ ಆಯಿಲನ್ನೋ ಗೇರ್ ಆಯಿಲನ್ನೋ ಒಂದು ಚಮಚದಷ್ಟು ಸುರಿದರೂ ಒಳಗಿನ ರಬ್ಬರ್ ಕಪ್‌ಗಳು ಊದಿಕೊಂಡು, ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್ ಮತ್ತು ಹೋಸ್ ಮೂರನ್ನೂ ಬಿಚ್ಚಿ ರಬ್ಬರ್ ಬದಲಿಸಬೇಕಾಗುತ್ತದೆ. ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುವ, ಸೀಲ್ ಒಡೆಯದ ಬಾಟಲಿಯನ್ನೇ ಬಳಸಿ. ಈ ಫ್ಲೂಯಿಡ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಹಾಕಿದ ಬಟ್ಟೆ ವಾರವಾದರೂ ಒಣಗದ ನಮ್ಮ ಮಳೆಗಾಲದಲ್ಲಿ, ಹೋದ ವರ್ಷ ತೆರೆದಿಟ್ಟ ಅರ್ಧ ಬಾಟಲಿಯನ್ನು ಉಪಯೋಗಿಸುವುದು ಉಳಿತಾಯವಲ್ಲ. ಡಾಟ್ 5 ಎಂಬುದು ಸಿಲಿಕೋನಿನದು, ಅದನ್ನು ಇವುಗಳೊಂದಿಗೆ ಬೆರೆಸಬಾರದು.

ಫ್ಲೂಯಿಡ್ ಬಣ್ಣವನ್ನು ತಿನ್ನುತ್ತದೆ. ಬಾಡಿಯ ಮೇಲೆ ಬಿದ್ದರೆ ಒರೆಸುತ್ತ ಕೂರದೆ ಕೂಡಲೇ ಧಾರಾಳವಾಗಿ ನೀರು ಸುರಿಯಿರಿ. ಕಣ್ಣಿಗೆ ಸಿಡಿದರೂ ಮೊದಲು ನೀರು, ಆಮೇಲೆ ವೈದ್ಯರು. ತೆಗೆದ ಹಳೆಯ ಫ್ಲೂಯಿಡನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದಿಗೂ ತುಂಬಿಡಬಾರದು. ಅದು ವಿಷ, ನೋಡಲು ಷರಬತ್ತಿನಂತಿರುತ್ತದೆ. ತೋಡಿಗೆ ಚೆಲ್ಲುವುದಂತೂ ಬೇಡವೇ ಬೇಡ. ಇಲ್ಲಿನ ತೋಡಿನ ನೀರು ಹೊಳೆ ಸೇರಲು ಹೆಚ್ಚು ದೂರ ಹೋಗಬೇಕಾಗಿಲ್ಲ.

ಪೆಡಲ್ ಮೆತ್ತಗಿದೆ, ಎರಡು ಮೂರು ಸಲ ತುಳಿದರೆ ಗಟ್ಟಿಯಾಗುತ್ತದೆ

ಇದು ಗಾಳಿಯ ಸ್ಪಷ್ಟ ಲಕ್ಷಣ. ದ್ರವ ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೆಡಲಿನ ಮೊದಲ ತುಳಿತವೆಲ್ಲ ಆ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿದು, ಸ್ಲೇವ್ ಸಿಲಿಂಡರಿನ ಕಡ್ಡಿ ಚಲಿಸಲು ಏನೂ ಉಳಿಯುವುದಿಲ್ಲ. ಬೇಗ ಬೇಗನೆ ತುಳಿದಾಗ, ಮಾಸ್ಟರ್ ಸಿಲಿಂಡರಿಗೆ ಫ್ಲೂಯಿಡ್ ಕೊಡುವ ಡಬ್ಬಿಯಿಂದ ಹೆಚ್ಚಿನ ಫ್ಲೂಯಿಡ್ ಒಳಬಂದು ಆ ಕೊರತೆಯನ್ನು ತಾತ್ಕಾಲಿಕವಾಗಿ ತುಂಬುತ್ತದೆ.

ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸೋಣ. ಹೆರಾಲ್ಡಿನ ಬಾನೆಟ್ ಇಡಿಯಾಗಿ ಮುಂದಕ್ಕೆ ಬಾಗುವುದರಿಂದ ಮಾಸ್ಟರ್ ಸಿಲಿಂಡರ್ ಕೈಗೆ ಸುಲಭವಾಗಿ ಸಿಗುತ್ತದೆ. ಮುಚ್ಚಳದ ಸುತ್ತಲಿನ ಧೂಳನ್ನು ಒರೆಸಿದ ಮೇಲೆ ತೆರೆದು ಮಟ್ಟ ನೋಡಿ. ಮಟ್ಟ ಡಬ್ಬಿಯಿಂದ ಸಿಲಿಂಡರಿಗೆ ಹೋಗುವ ಕೆಳಗಿನ ತೂತಿಗಿಂತ ಇಳಿದಿದ್ದರೆ ಗಾಳಿ ಹೇಗೆ ಒಳಗೆ ಹೋಯಿತು ಎಂಬುದು ತಿಳಿದಂತಾಯಿತು, ಆದರೆ ಫ್ಲೂಯಿಡ್ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಉಳಿಯುತ್ತದೆ. ಮುಚ್ಚಳದಲ್ಲಿರುವ ಸಣ್ಣ ಉಸಿರಾಟದ ರಂಧ್ರ ಕಟ್ಟಿಕೊಂಡಿದ್ದರೆ ಸೂಜಿಯಿಂದ ಬಿಡಿಸಿ. ಒಳಗಿನ ಫ್ಲೂಯಿಡಿನ ಬಣ್ಣವನ್ನೂ ಗಮನಿಸಬೇಕು. ಹೊಸದು ತಿಳಿ ಜೇನಿನ ಬಣ್ಣದ್ದು. ನಮ್ಮ ಬೆಲ್ಲದ ಕಾಫಿಯಂತೆ ಕಪ್ಪಾಗಿದ್ದರೆ ಬಹಳ ವರ್ಷಗಳಿಂದ ಬದಲಿಸಿಲ್ಲವೆಂದೂ, ರಬ್ಬರ್ ಸವೆದು ಅದರಲ್ಲಿ ಬೆರೆತಿರಬಹುದೆಂದೂ ತಿಳಿಯಬೇಕು.

ಮಟ್ಟ ಸರಿಯಾಗಿಯೇ ಇದ್ದು ಪೆಡಲ್ ಮೆತ್ತಗಿದ್ದರೆ, ಸಹಾಯಕರೊಬ್ಬರು ಪೆಡಲ್ ತುಳಿಯುತ್ತಿರುವಾಗ ಗೇರ್‌ಬಾಕ್ಸಿನ ಬಳಿಯ ರಬ್ಬರ್ ಹೋಸ್ ಪೈಪನ್ನು ಬೆರಳುಗಳ ನಡುವೆ ಹಿಡಿದು ನೋಡಿ. ಹಳೆಯ ಹೋಸ್ ಒತ್ತಡಕ್ಕೆ ಉಬ್ಬುತ್ತದೆ, ಅದೂ ಕಾಲಿಗೆ ಗಾಳಿಯಂತೆಯೇ ಅನ್ನಿಸುತ್ತದೆ. ಎಷ್ಟು ಬ್ಲೀಡ್ ಮಾಡಿದರೂ ಆ ಮೆತ್ತನೆ ಹೋಗುವುದಿಲ್ಲ.

ತುಳಿದು ಹಿಡಿದರೆ ಪೆಡಲ್ ನಿಧಾನವಾಗಿ ಇಳಿಯುತ್ತದೆ

ಇದನ್ನು ಗಾಳಿ ಎಂದುಕೊಳ್ಳುವವರೇ ಹೆಚ್ಚು. ಗಾಳಿಯಿದ್ದರೆ ಪೆಡಲ್ ಮೆತ್ತಗಿದ್ದರೂ ಒಂದು ಕಡೆ ನಿಲ್ಲುತ್ತದೆ. ಹಿಡಿದಂತೆಯೇ ಇಳಿಯುತ್ತ ಹೋದರೆ ಫ್ಲೂಯಿಡ್ ಹೊರಗೆ ಸೋರುತ್ತಿರಬೇಕು, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲನ್ನು ದಾಟಿ ಡಬ್ಬಿಗೇ ಹಿಂದಿರುಗುತ್ತಿರಬೇಕು. ಎಲ್ಲಿಯೂ ಒದ್ದೆಯಿಲ್ಲ, ಮಟ್ಟವೂ ಇಳಿದಿಲ್ಲ ಎಂದಾದರೆ ದೋಷ ಮಾಸ್ಟರ್ ಸಿಲಿಂಡರಿನದು. ಟ್ರಾಫಿಕ್ಕಿನಲ್ಲಿ ಮೊದಲ ಗೇರಿನಲ್ಲಿ ಪೆಡಲ್ ತುಳಿದು ನಿಂತಿರುವಾಗ ಕಾರು ತಾನಾಗಿ ಮುಂದಕ್ಕೆ ತೆವಳಲು ಶುರುವಾಗುವುದು ಇದರ ರಸ್ತೆ ಮೇಲಿನ ರೂಪ. ಇಂಥ ಕಾರನ್ನು ಮಡಿಕೇರಿಯ ಇಳಿಜಾರಿನ ಪೇಟೆಯಲ್ಲಿ ಓಡಿಸುವುದು ಅಪಾಯ, ದುರಸ್ತಿಯಾಗುವವರೆಗೆ ಹೊರಗೆ ತೆಗೆಯಬಾರದು.

ಫ್ಲೂಯಿಡ್ ಮಟ್ಟ ಇಳಿಯುತ್ತಲೇ ಇರುತ್ತದೆ

ಸೋರಿಕೆ ಹುಡುಕಲು ಬೇಕಾದುದು ಒಂದು ಟಾರ್ಚು ಮತ್ತು ಒಣ ಬಿಳಿ ಬಟ್ಟೆ. ಮೊದಲು ಕಾರಿನೊಳಗೆ ಬಗ್ಗಿ, ಪೆಡಲಿನ ಮೇಲ್ಭಾಗದಲ್ಲಿ ಮಾಸ್ಟರ್ ಸಿಲಿಂಡರಿನ ಕಡ್ಡಿ ಹೊರಬರುವ ಜಾಗವನ್ನು ಒರೆಸಿ. ಅಲ್ಲಿ ಜಿಡ್ಡಿದ್ದರೆ, ಕೆಳಗಿನ ಕಾರ್ಪೆಟ್ ಒದ್ದೆಯಾಗಿದ್ದರೆ, ತಗಡಿನ ಬಣ್ಣ ಬೊಬ್ಬೆಯೆದ್ದು ಸುಲಿಯುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಹಿಂಬದಿಯ ಸೀಲ್ ಹೋಗಿದೆ. ಮಳೆನೀರು ಸೋರಿ ಕಾರ್ಪೆಟ್ ನೆನೆಯುವುದು ಈ ಕಾರುಗಳಲ್ಲಿ ಸಾಮಾನ್ಯವಾದ್ದರಿಂದ ಬೆರಳಿಗೆ ಹಚ್ಚಿ ಉಜ್ಜಿ ನೋಡಬೇಕು. ನೀರು ಆರುತ್ತದೆ, ಫ್ಲೂಯಿಡ್ ಜಾರುತ್ತಲೇ ಇರುತ್ತದೆ.

ಅಲ್ಲಿ ಒಣಗಿದ್ದರೆ ಸ್ಲೇವ್ ಸಿಲಿಂಡರಿಗೆ ಬನ್ನಿ. ಹೆರಾಲ್ಡಿನಲ್ಲಿ ಗೇರ್‌ಬಾಕ್ಸನ್ನು ಮುಚ್ಚಿರುವ ಸುರಂಗದಂತಹ ಕವರನ್ನು ಕಾರಿನೊಳಗಿನಿಂದಲೇ ತೆಗೆಯಬಹುದು. ಇದರಿಂದ ಕೆಳಗೆ ಮಲಗುವ ಕಷ್ಟ ತಪ್ಪುತ್ತದೆ. ಸಿಲಿಂಡರಿನ ತುದಿಯಲ್ಲಿರುವ ರಬ್ಬರ್ ಬೂಟಿನ ಅಂಚನ್ನು ಬೆರಳಿನಿಂದ ಮೆಲ್ಲನೆ ಎತ್ತಿ. ನನ್ನ ಕಾರಿನಲ್ಲಿ ಮೊದಲ ಬಾರಿ ಹೀಗೆ ಎತ್ತಿದಾಗ ಕಂದು ಬಣ್ಣದ ಕೆಸರಿನಂಥ ದ್ರವ ಅಂಗೈಗೆ ಇಳಿಯಿತು. ಬೂಟು ಅಷ್ಟು ದಿನ ಅದನ್ನು ಹಿಡಿದಿಟ್ಟುಕೊಂಡಿದ್ದರಿಂದ ನೆಲದ ಮೇಲೆ ಒಂದು ಹನಿಯೂ ಕಂಡಿರಲಿಲ್ಲ. ಆ ಕಂದು ಬಣ್ಣ ತುಕ್ಕಿನದು. ಫ್ಲೂಯಿಡ್ ಹೀರಿಕೊಂಡ ತೇವದಿಂದ, ತಿಂಗಳುಗಟ್ಟಲೆ ನಿಂತಿರುವ ಕಾರಿನ ಎರಕದ ಕಬ್ಬಿಣದ ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಯುತ್ತದೆ, ಮತ್ತೆ ಓಡಿಸಲು ಶುರು ಮಾಡಿದಾಗ ರಬ್ಬರ್ ಕಪ್ ಆ ಒರಟಿನ ಮೇಲೆ ಉಜ್ಜಿ ಹರಿಯುತ್ತದೆ. ಒತ್ತಡವಿದ್ದಾಗ ಫ್ಲೂಯಿಡನ್ನು ಹೊರಗೆ ಬಿಡುವ ಅದೇ ಕಪ್, ಪೆಡಲ್ ಮೇಲೆ ಬರುವಾಗ ಗಾಳಿಯನ್ನು ಒಳಗೆ ಎಳೆದುಕೊಳ್ಳಬಲ್ಲದು. ‘ಸೋರಿಕೆ ಕಾಣುವುದಿಲ್ಲ, ಆದರೂ ಗಾಳಿ ಹಿಡಿಯುತ್ತದೆ’ ಎಂಬ ದೂರಿನ ಹಿಂದೆ ಬಹಳಷ್ಟು ಸಲ ಇರುವುದು ಇದೇ.

ಸಿಲಿಂಡರ್ ಬಿಚ್ಚಿದಾಗ ರಿಪೇರಿ ಕಿಟ್ ಹಾಕುವ ಮೊದಲು ಒಳಗೋಡೆಯನ್ನು ಮೆಥಿಲೇಟೆಡ್ ಸ್ಪಿರಿಟ್ ಅಥವಾ ಹೊಸ ಬ್ರೇಕ್ ಫ್ಲೂಯಿಡಿನಿಂದ ತೊಳೆದು ಒರೆಸಿ, ಬೆಳಕಿಗೆ ಹಿಡಿದು, ಉಗುರನ್ನು ಎಳೆದು ನೋಡಬೇಕು. ಪೆಟ್ರೋಲ್, ಸೀಮೆಎಣ್ಣೆ ಸೋಕಿಸಬಾರದು. ಉಗುರು ಎಲ್ಲಿಯಾದರೂ ಸಿಕ್ಕಿಕೊಂಡರೆ ಕಿಟ್ ಹಾಕಿ ಪ್ರಯೋಜನವಿಲ್ಲ. ಹೊಸ ಸಿಲಿಂಡರ್ ಬೇಕು, ಇಲ್ಲವೇ ಅನುಭವವಿರುವ ಲೇತ್‌ನವರಲ್ಲಿ ಒಳಗೆ ಸ್ಲೀವ್ ಹಾಕಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸುವಾಗ ಹಳೆಯ ಸಿಲಿಂಡರನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗುವುದು ಒಳ್ಳೆಯದು, ಏಕೆಂದರೆ ಒಂದೇ ಮಾದರಿಯ ಕಾರಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಅಳತೆಯವು ಬಂದಿರಬಹುದು.

ಗೇರು ಬೀಳುವುದಿಲ್ಲ, ರಿವರ್ಸ್ ಹಾಕಿದರೆ ಕರಕರ ಶಬ್ದ

ಎಂಜಿನ್ ಓಡುತ್ತಿರುವಾಗ ಪೆಡಲನ್ನು ಪೂರ್ತಿ ತುಳಿದು, ಹತ್ತು ಸೆಕೆಂಡು ಕಾದು, ಆಮೇಲೆ ರಿವರ್ಸ್ ಹಾಕಿ ನೋಡಿ. ಹೆರಾಲ್ಡಿನ ಮೊದಲ ಗೇರಿಗೂ ರಿವರ್ಸಿಗೂ ಸಿಂಕ್ರೊ, ಅಂದರೆ ವೇಗ ಹೊಂದಿಸಿ ಗೇರು ಸದ್ದಿಲ್ಲದೆ ಬೀಳುವಂತೆ ಮಾಡುವ ಭಾಗ, ಇಲ್ಲ. ಕಾಯದೆ ಹಾಕಿದರೆ ಸ್ವಲ್ಪ ಶಬ್ದ ಬರುವುದು ಸಹಜ, ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಹತ್ತು ಸೆಕೆಂಡಿನ ನಂತರವೂ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಈಗ ಪೆಡಲನ್ನು ಮೂರು ನಾಲ್ಕು ಸಲ ಬೇಗನೆ ಪಂಪ್ ಮಾಡಿ, ಕೊನೆಯ ಸಲ ತುಳಿದು ಹಿಡಿದು ಅದನ್ನೇ ಮಾಡಿ. ಗೇರು ಸದ್ದಿಲ್ಲದೆ ಬಿದ್ದರೆ ದೋಷ ಹೈಡ್ರಾಲಿಕ್ ಭಾಗದಲ್ಲಿದೆ. ಬೀಳದಿದ್ದರೆ ಬ್ಲೀಡ್ ಮಾಡಲು ಓಡಬೇಡಿ.

ಮಳೆಗಾಲವಿಡೀ ನಿಂತಿದ್ದ ಕಾರಿನಲ್ಲಿ ಪೆಡಲ್ ಗಟ್ಟಿಯಾಗಿದ್ದೂ ಕ್ಲಚ್ ಸ್ವಲ್ಪವೂ ಬಿಡದಿದ್ದರೆ, ಕ್ಲಚ್ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಮರದ ತುಂಡಿನಿಂದ ಪೆಡಲನ್ನು ತುಳಿದ ಸ್ಥಿತಿಯಲ್ಲಿ ಒಂದು ರಾತ್ರಿ ಬಿಟ್ಟರೆ ಕೆಲವೊಮ್ಮೆ ತಾನಾಗಿ ಬಿಡುತ್ತದೆ. ಬಿಡದಿದ್ದರೆ ನ್ಯೂಟ್ರಲ್‌ನಲ್ಲಿ ಎಂಜಿನನ್ನು ಚೆನ್ನಾಗಿ ಬಿಸಿ ಮಾಡಿ ಆರಿಸಿ, ಗೇರಿಗೆ ಹಾಕಿ, ವಿಶಾಲವಾದ ಸಮತಟ್ಟು ಜಾಗದಲ್ಲಿ ಸೆಲ್ಫ್ ಹೊಡೆದು ಹೊರಟು, ಪೆಡಲ್ ತುಳಿದಿಟ್ಟುಕೊಂಡೇ ಆಕ್ಸಿಲರೇಟರ್ ಕೊಟ್ಟು ಬಿಟ್ಟು ಮಾಡುವ ವಿಧಾನವೊಂದಿದೆ. ಹಾಗೆ ಮಾಡುವಾಗ ಕಾರು ತಕ್ಷಣ ಚಲಿಸುತ್ತದೆ. ಬ್ರೇಕ್ ಸರಿಯಿದೆಯೆಂದು ಮೊದಲೇ ಖಚಿತವಾಗಿರಬೇಕು, ಮುಂದೆ ಮಕ್ಕಳೂ ದನಗಳೂ ಇರಬಾರದು, ಶೆಡ್ಡಿನೊಳಗೆ ಇದನ್ನು ಎಂದಿಗೂ ಮಾಡಬಾರದು. ಒಂದೆರಡು ಪ್ರಯತ್ನಕ್ಕೆ ಬಿಡದಿದ್ದರೆ ಗೇರ್‌ಬಾಕ್ಸ್ ಇಳಿಸುವುದೇ ದಾರಿ. ಹಳೆಯ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಆಗ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ, ಒದ್ದೆ ಬಟ್ಟೆಯಿಂದ ತೆಗೆಯಲು ಹೇಳಿ.

ಬ್ಲೀಡ್ ಮಾಡುವ ಕ್ರಮ

ಸೋರಿಕೆ ಸರಿಪಡಿಸಿದ ಮೇಲೆ ಇದಕ್ಕೆ ಬರಬೇಕು. ಸ್ಲೇವ್ ಸಿಲಿಂಡರಿನ ನಿಪ್ಪಲಿಗೆ, ಅಂದರೆ ಗಾಳಿ ಹೊರಬಿಡಲು ಸಡಿಲಿಸುವ ಟೊಳ್ಳು ತಿರುಪಿಗೆ, ಒಂದು ದಿನ ಮುಂಚೆಯೇ ತುಕ್ಕು ಬಿಡಿಸುವ ಎಣ್ಣೆಯನ್ನು ಹೊರಗಿನಿಂದ ಒಂದು ಹನಿ ಬಿಟ್ಟು, ಮರುದಿನ ಅದನ್ನು ಪೂರ್ತಿ ಒರೆಸಿ ತೆಗೆಯಿರಿ. ಆ ಕಾಲದ ನಿಪ್ಪಲುಗಳು ಇಂಚಿನ ಅಳತೆಯವು, ಹೆಚ್ಚಾಗಿ 7/16ರ ಸ್ಪ್ಯಾನರ್ ಹೊಂದುತ್ತದೆ. 12 ಮಿಲಿಮೀಟರಿನದನ್ನು ಹಾಕಿ ತಿರುಗಿಸಿದರೆ ಮೂಲೆಗಳು ಉರುಟಾಗಿ ಕೆಲಸ ಎರಡರಷ್ಟಾಗುತ್ತದೆ. ರಿಂಗ್ ಸ್ಪ್ಯಾನರನ್ನು ಮೊದಲು ಕೂರಿಸಿ, ಆಮೇಲೆ ನಿಪ್ಪಲಿಗೆ ಬಿಗಿಯಾಗಿ ಹಿಡಿಯುವ ಪಾರದರ್ಶಕ ಪೈಪ್ ಸಿಕ್ಕಿಸಬೇಕು. ಮೀನಿನ ತೊಟ್ಟಿಗೆ ಬಳಸುವ ಪೈಪ್ ಸಾಕಾಗುತ್ತದೆ. ಅದರ ಇನ್ನೊಂದು ತುದಿ, ತಳದಲ್ಲಿ ಒಂದಿಂಚು ಫ್ಲೂಯಿಡ್ ಇರುವ ಗಾಜಿನ ಜಾರಿನಲ್ಲಿ ಮುಳುಗಿರಬೇಕು.

ಪೆಡಲಿಗೆ ಒಬ್ಬರು, ನಿಪ್ಪಲಿಗೆ ಒಬ್ಬರು. ಇಬ್ಬರ ನಡುವೆ ಮಾತು ಸ್ಪಷ್ಟವಾಗಿರಬೇಕು. ನಮ್ಮ ಮನೆಯಲ್ಲಿ ನಾನು ‘ಒತ್ತು’ ಎಂದರೆ ಮಗ ನಿಧಾನವಾಗಿ ತುಳಿದು, ಪೆಡಲ್ ನೆಲ ಮುಟ್ಟಿದಾಗ ‘ಕೆಳಗಿದೆ ಅಪ್ಪ’ ಎನ್ನುತ್ತಾನೆ. ಅವನು ತುಳಿಯಲು ಶುರು ಮಾಡಿದಾಗ ನಿಪ್ಪಲನ್ನು ಅರ್ಧ ಸುತ್ತು ತೆರೆಯುತ್ತೇನೆ, ‘ಕೆಳಗಿದೆ’ ಎಂದ ಕೂಡಲೇ ಮುಚ್ಚುತ್ತೇನೆ. ಮುಚ್ಚಿ ಆದ ಮೇಲಷ್ಟೇ ‘ಬಿಡು’ ಎನ್ನುವುದು. ಈ ಅನುಕ್ರಮ ಒಮ್ಮೆ ತಪ್ಪಿದರೂ, ಅಂದರೆ ನಿಪ್ಪಲ್ ತೆರೆದಿರುವಾಗ ಪೆಡಲ್ ಮೇಲೆ ಬಂದರೆ, ತೆಗೆದ ಗಾಳಿ ಮತ್ತೆ ಒಳಗೆ ಹೋಗಬಹುದು. ಪೆಡಲ್ ಮೇಲೆ ಬಂದ ನಂತರ ಮೂರು ನಾಲ್ಕು ಸೆಕೆಂಡು ಬಿಟ್ಟು ಮುಂದಿನ ಒತ್ತು. ಡಬ್ಬಿ ಚಿಕ್ಕದಾದ್ದರಿಂದ ಐದಾರು ಸಲಕ್ಕೊಮ್ಮೆ ಫ್ಲೂಯಿಡ್ ತುಂಬಬೇಕು. ಅರ್ಧದಾರಿಯಲ್ಲಿ ಡಬ್ಬಿ ಬರಿದಾದರೆ ಮೊದಲಿನಿಂದ ಶುರು. ಜಾರಿಗೆ ಬಿದ್ದ ಫ್ಲೂಯಿಡನ್ನು ಮತ್ತೆ ಡಬ್ಬಿಗೆ ಸುರಿಯಬಾರದು.

ಪೈಪಿನೊಳಗೆ ಕಣ್ಣಿಟ್ಟಿರಿ. ಮೊದಲು ಕಡಲೆಕಾಳಿನಷ್ಟು ದೊಡ್ಡ ಗುಳ್ಳೆಗಳು ಬಿಟ್ಟು ಬಿಟ್ಟು ಬರುತ್ತವೆ, ಆಮೇಲೆ ಕಪ್ಪು ಫ್ಲೂಯಿಡಿನೊಂದಿಗೆ ಸಾಸಿವೆಯಷ್ಟು ಸಣ್ಣವು ಸಾಲಾಗಿ ಬರುತ್ತವೆ, ಕೊನೆಗೆ ಹೊಸ ಫ್ಲೂಯಿಡಿನ ತಿಳಿ ಬಣ್ಣ ಕಾಣಿಸುತ್ತದೆ. ತಿಳಿಯಾದ ಮೇಲೂ ಐದಾರು ಸಲ ಮುಂದುವರಿಸಿ. ನಿಪ್ಪಲನ್ನು ಕೊನೆಯಲ್ಲಿ ಬಿಗಿ ಮಾಡುವಾಗ ಬಲ ಪ್ರಯೋಗ ಬೇಡ, ಅದರ ತುದಿ ಕೂತರೆ ಸಾಕು. ಮುರಿದರೆ ಸಿಲಿಂಡರನ್ನೇ ಕಳಚಬೇಕಾಗುತ್ತದೆ.

ಎಷ್ಟು ಬ್ಲೀಡ್ ಮಾಡಿದರೂ ಗಾಳಿ ಹೋಗುವುದಿಲ್ಲ

ಕೆಲವು ವರ್ಷಗಳ ಹಿಂದೆ ನನ್ನ ಕಾರಿನ ಸ್ಲೇವ್ ಸಿಲಿಂಡರನ್ನು ಒಂದು ಗ್ಯಾರೇಜಿನಲ್ಲಿ ಹೊಸದಾಗಿ ಹಾಕಿಸಿದೆ. ಮೂರು ಸಲ ಬ್ಲೀಡ್ ಮಾಡಿದರೂ ಪೆಡಲ್ ಮೆತ್ತಗೇ ಉಳಿಯಿತು, ಮಾಸ್ಟರ್ ಸಿಲಿಂಡರನ್ನೂ ಬದಲಿಸಬೇಕೆಂದು ಹೇಳಿದರು. ಮನೆಗೆ ತಂದು ಕವರ್ ತೆಗೆದು ನೋಡಿದರೆ ನಿಪ್ಪಲ್ ಕೆಳಗೆ, ಪೈಪ್ ಮೇಲೆ! ಗಾಳಿ ಯಾವಾಗಲೂ ಮೇಲಕ್ಕೇ ಏರುತ್ತದೆ. ನಿಪ್ಪಲ್ ಕೆಳಗಿದ್ದರೆ ಮೇಲಿನ ಗಾಳಿ ಅಲ್ಲಿಯೇ ಕೂತು, ಕೆಳಗಿನ ಫ್ಲೂಯಿಡ್ ಮಾತ್ರ ಹೊರಬರುತ್ತದೆ. ಈ ಜಾತಿಯ ಕಾರುಗಳಲ್ಲಿ ಸಿಲಿಂಡರನ್ನು ಹೀಗೆ ತಿರುಗುಮುರುಗಾಗಿ ಕೂರಿಸಲು ಸಾಧ್ಯವಿರುವುದರಿಂದ, ಹೊಸ ಬಿಡಿಭಾಗಕ್ಕೆ ಹಣ ಕೊಡುವ ಮೊದಲು ನಿಪ್ಪಲ್ ಎಲ್ಲಕ್ಕಿಂತ ಮೇಲಿದೆಯೇ ಎಂದು ನೋಡಲೇಬೇಕು.

ನಿಪ್ಪಲ್ ಮೇಲಿದ್ದೂ ಗುಳ್ಳೆಗಳು ನಿಲ್ಲದಿದ್ದರೆ, ಅವು ನಿಜವಾಗಿ ಒಳಗಿನಿಂದ ಬರುತ್ತಿವೆಯೇ ಎಂದು ಕೇಳಿಕೊಳ್ಳಿ. ಸಡಿಲಿಸಿದ ನಿಪ್ಪಲಿನ ತಿರುಪು ಸುತ್ತುಗಳ ಸಂದಿನಿಂದ ಹೊರಗಿನ ಗಾಳಿ ಪೈಪಿಗೆ ಸೇರಿದರೂ ಗುಳ್ಳೆ ಕಾಣುತ್ತದೆ. ಪೆಡಲ್ ಗಟ್ಟಿಯಾಗಿದ್ದರೆ ಆ ಗುಳ್ಳೆಗಳನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಪೆಡಲ್ ಇನ್ನೂ ಮೆತ್ತಗಿದ್ದರೆ ಸ್ಲೇವ್ ಸಿಲಿಂಡರನ್ನು ಪೈಪ್ ಕಳಚದೆ ಅದರ ಜಾಗದಿಂದ ಬಿಡಿಸಿ, ನಿಪ್ಪಲ್ ಮೇಲೆ ಬರುವಂತೆ ಹಿಡಿದು, ಪಿಸ್ಟನನ್ನು ಹೆಬ್ಬೆರಳಿನಿಂದ ನಿಧಾನವಾಗಿ ಪೂರ್ತಿ ಒಳಕ್ಕೆ ಒತ್ತಿ. ಸಿಕ್ಕಿಕೊಂಡ ಗಾಳಿ ಫ್ಲೂಯಿಡಿನೊಂದಿಗೆ ಮೇಲಿನ ಡಬ್ಬಿಗೆ ಹೋಗಿ ಗುಳುಗುಳು ಎನ್ನುವುದು ಕೇಳಿಸುತ್ತದೆ. ಡಬ್ಬಿ ತುಂಬಿ ಚೆಲ್ಲದಂತೆ ಮೊದಲೇ ಸ್ವಲ್ಪ ತೆಗೆದಿಡಬೇಕು. ಸಿಲಿಂಡರ್ ಹೀಗೆ ಕಳಚಿರುವಾಗ ಯಾರೂ ಪೆಡಲ್ ತುಳಿಯಬಾರದು, ತುಳಿದರೆ ಪಿಸ್ಟನ್ ಹೊರಗೆ ಹಾರಿಬರುತ್ತದೆ. ಆ ಹೊತ್ತಿಗೆ ಚಾಲಕನ ಬಾಗಿಲನ್ನು ಮುಚ್ಚಿ ನಾನು ಕೀಲಿ ಹಾಕುತ್ತೇನೆ.

ಪೆಡಲ್ ಗಟ್ಟಿಯಾಗಿದೆ, ಆದರೂ ಕ್ಲಚ್ ಬಿಡುವುದಿಲ್ಲ

ಇಲ್ಲಿಂದ ಮುಂದೆ ಹುಡುಕಬೇಕಾದುದು ಗಾಳಿಯನ್ನಲ್ಲ, ಸವೆತವನ್ನು. ಪೆಡಲ್ ಪೂರ್ತಿ ತುಳಿದಾಗ ಸ್ಲೇವ್ ಸಿಲಿಂಡರಿನ ಕಡ್ಡಿ ಎಷ್ಟು ಚಲಿಸುತ್ತದೆ ಎಂದು ಸ್ಕೇಲಿನಿಂದ ಅಳೆಯಿರಿ. ಆ ಕಾಲದ ಬಹಳಷ್ಟು ಕಾರುಗಳಲ್ಲಿ ಅದು ಅರ್ಧ ಇಂಚಿನ ಆಸುಪಾಸಿನಲ್ಲಿರುತ್ತದೆ, ನಿಮ್ಮ ಕಾರಿನ ನಿಖರ ಅಳತೆಯನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಅಳತೆ ಕಡಿಮೆಯಿದ್ದರೆ ಪೆಡಲಿನ ತುದಿಗೂ ಮಾಸ್ಟರ್ ಸಿಲಿಂಡರಿನ ಕಡ್ಡಿಗೂ ನಡುವಿನ ಪಿನ್ ಕಳಚಿ ನೋಡಿ. ಐವತ್ತು ಅರವತ್ತು ವರ್ಷ ತುಳಿಸಿಕೊಂಡ ಆ ಪಿನ್ ಮಧ್ಯದಲ್ಲಿ ಸೊಂಟದಂತೆ ಸವೆದಿರುತ್ತದೆ, ಪೆಡಲಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಮಾಸ್ಟರ್ ಸಿಲಿಂಡರಿನ ವ್ಯಾಸ 5/8 ಇಂಚು, ಸ್ಲೇವಿನದು 7/8 ಇಂಚು ಎಂದಿಟ್ಟುಕೊಂಡರೆ, ಅವುಗಳ ವಿಸ್ತೀರ್ಣದ ಅನುಪಾತ ಹೆಚ್ಚು ಕಡಿಮೆ 1ಕ್ಕೆ 2. ಪಿನ್ನಿನಲ್ಲಿ 1/8 ಇಂಚು ವ್ಯರ್ಥವಾದರೆ ಸ್ಲೇವ್ ಕಡೆ 1/16 ಇಂಚು ನಷ್ಟ. ಇರುವುದೇ ಅರ್ಧ ಇಂಚು ಎಂದಾಗ ಇದು ಸಣ್ಣದಲ್ಲ. ಹೊಸ ಪಿನ್ನಿನ ಬೆಲೆ ಅತ್ಯಲ್ಪ, ತೂತನ್ನು ವೆಲ್ಡಿಂಗ್ ತುಂಬಿಸಿ ಮತ್ತೆ ಕೊರೆಸಬಹುದು.

ಆದರೆ ಪಿಸ್ಟನಿಗೂ ಕಡ್ಡಿಗೂ ನಡುವೆ ಕೈಪಿಡಿ ಹೇಳುವಷ್ಟು ಸಣ್ಣ ಸಡಿಲ ಇರಲೇಬೇಕು. ಅದನ್ನೂ ‘ವ್ಯರ್ಥ’ವೆಂದು ತೆಗೆದುಹಾಕಿದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಾರದೆ ಫ್ಲೂಯಿಡ್ ಡಬ್ಬಿಗೆ ಮರಳುವ ದಾರಿ ಮುಚ್ಚುತ್ತದೆ, ಎಂಜಿನ್ ಬಿಸಿಯಾದಂತೆ ಕ್ಲಚ್ ಜಾರತೊಡಗುತ್ತದೆ. ಸಂಪಾಜೆ ಘಾಟಿ ಹತ್ತುವಾಗ ಎಂಜಿನ್ ಮಾತ್ರ ಅಬ್ಬರಿಸಿ ಕಾರು ವೇಗ ಪಡೆಯದಿದ್ದರೆ, ಇತ್ತೀಚೆಗೆ ಈ ಕೆಲಸ ಮಾಡಿಸಿದ್ದೀರಾ ಎಂದು ನೆನಪಿಸಿಕೊಳ್ಳಿ.

ಟ್ರಯಂಫ್ ಎಂಜಿನ್ ಇರುವವರು ಇನ್ನೊಂದು ಪರೀಕ್ಷೆ ಮಾಡಲೇಬೇಕು. ಎಂಜಿನ್ ಆರಿಸಿದ ಸ್ಥಿತಿಯಲ್ಲಿ ಒಬ್ಬರು ಕ್ಲಚ್ ತುಳಿದು ಬಿಡುತ್ತಿರುವಾಗ ಮುಂದಿನ ಕ್ರ್ಯಾಂಕ್ ಪುಲ್ಲಿಯನ್ನು ನೋಡಿ. ಅದು ಕಣ್ಣಿಗೆ ಕಾಣುವಷ್ಟು ಮುಂದೆ ಹಿಂದೆ ಸರಿದರೆ ಕ್ರ್ಯಾಂಕ್ ಹಾಗೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರುಗಳು ಸವೆದಿವೆ. ಆಮೇಲೆ ಎಂಜಿನ್ ಚಾಲೂ ಮಾಡಬಾರದು. ವಾಷರ್ ಕಳಚಿ ಬಿದ್ದರೆ ಕ್ರ್ಯಾಂಕೂ ಬ್ಲಾಕೂ ಹಾಳಾಗುತ್ತವೆ.

ಯಾವಾಗ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಯಬೇಕು

ಕಡ್ಡಿಯ ಚಲನೆ ಸರಿಯಿದ್ದೂ ಕ್ಲಚ್ ಬಿಡದಿದ್ದರೆ, ಪೆಡಲ್ ತುಳಿದಾಗ ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗಿನೊಳಗಿನಿಂದ ಕೀರಲು ಶಬ್ದ ಬಂದರೆ, ಅಥವಾ ನಿಪ್ಪಲ್ ಮುರಿದರೆ ಕೆಲಸ ಮನೆಯ ಅಂಗಳ ದಾಟಿತೆಂದು ಒಪ್ಪಿಕೊಳ್ಳಬೇಕು. ಸೀರೀಸ್ 2 ಲ್ಯಾಂಡ್ ರೋವರಿನಂತೆ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ ಇರುವ ವಾಹನಗಳಲ್ಲಿ ಮಟ್ಟ ಇಳಿದಿದ್ದು ಕಂಡರೆ, ಬ್ರೇಕ್ ಪರೀಕ್ಷಿಸದೆ ಒಂದು ಗಜವೂ ಓಡಿಸಬಾರದು. ದಾರಿಯಲ್ಲಿ ಕ್ಲಚ್ ಕೈಕೊಟ್ಟಾಗ ಗೇರಿನಲ್ಲೇ ಸೆಲ್ಫ್ ಹೊಡೆದು ಮನೆ ಸೇರಿದವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಸಂಪಾಜೆಯಲ್ಲಾಗಲಿ ಮಾಕುಟ್ಟದಲ್ಲಾಗಲಿ, ತಿರುವುಗಳಲ್ಲಿ ಎದುರಿನ ಬಸ್ಸಿಗಾಗಿ ನಿಂತು ಮತ್ತೆ ಹೊರಡಬೇಕಾದ ರಸ್ತೆಯಲ್ಲಿ, ಅದನ್ನು ಪ್ರಯತ್ನಿಸಬೇಡಿ. ಬದಿಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಳೆದೊಯ್ಯುವ ವಾಹನಕ್ಕೆ ಕಾಯಿರಿ.

ಕೆಲಸ ಮುಗಿದ ದಿನ ಡಬ್ಬಿಯಲ್ಲಿ ಎಲ್ಲಿಯವರೆಗೆ ಫ್ಲೂಯಿಡ್ ಇದೆ ಎಂದು ಗುರುತು ಮಾಡಿಕೊಂಡು, ಸ್ಲೇವಿನ ಬೂಟಿನ ಕೆಳಗೆ ಒಂದು ತುಂಡು ಬಿಳಿ ಬಟ್ಟೆ ಕಟ್ಟಿಡಿ. ಒಂದು ವಾರ ಹತ್ತಿರದ ದಾರಿಗಳಲ್ಲಿ ಮಾತ್ರ ಓಡಿಸಿ, ಮತ್ತೆ ಕವರ್ ತೆಗೆದು ನೋಡಬೇಕು. ಬಟ್ಟೆ ಒಣಗಿದ್ದು ಮಟ್ಟ ಗುರುತಿನಲ್ಲೇ ಇದ್ದರೆ ಕಾರನ್ನು ಘಾಟಿಗೆ ಇಳಿಸಬಹುದು.